ತರಗತಿಗಳು ನಿಯಮಿತವಾಗಿ ನಡೆಯುತ್ತಿವೆ

ನಮ್ಮ ಮನೆಯಲ್ಲೊಂದು ದೊಡ್ಡ ಸ್ಟೀಲಿನ ಡಬರಿ ಇದೆ. ಇಪ್ಪತ್ತೈದು ಜನಕ್ಕೆ ಧಾರಾಳವಾಗಿ ಉಪ್ಪಿಟ್ಟು ಹಿಡಿಸುವಂಥದ್ದು. ನನ್ನ ಮದುವೆಗೆ ಅಪ್ಪ ಹುಣಸೂರಿನ ಪಾತ್ರೆ ಅಂಗಡಿಯಿಂದ ತಂದುಕೊಟ್ಟದ್ದು. ಅಂಗಡಿಯವನು ಅದರ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ನನ್ನ ಹೆಸರನ್ನೂ ತವರೂರಿನ ಹೆಸರನ್ನೂ ಕೊರೆದಿದ್ದ. ಅತ್ತೆಮನೆಗೆ ಬಂದ ಹೊಸತರಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಹಾಗಾಗಿ ಯಾರಿಗಾದರೂ ಎರವಲು ಕೊಡುವಾಗ ಹೆಸರು ಅವರ ಕಣ್ಣಿಗೆ ಬೀಳುವ ಹಾಗೆ ತಿರುಗಿಸಿ ಕೊಡುತ್ತಿದ್ದೆ. ನನ್ನ ಈ ಸಣ್ಣ ಜಂಬವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವರ್ಷದಲ್ಲಿ ಹತ್ತು ತಿಂಗಳು ಅಟ್ಟದ ಮೇಲೆ ಬೋರಲಾಗಿ ಮಲಗಿರುವ ಈ ಡಬರಿ, ಹೊಗೆಸೊಪ್ಪಿನ ಕಾಲ ಬಂತೆಂದರೆ ಕೆಳಗಿಳಿಯುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹೊಲದಿಂದ ಹಸಿ ಎಲೆ ಮುರಿದು ತಂದು, ನೆರಳಲ್ಲಿ ಕೂತು, ಉದ್ದನೆಯ ಕಡ್ಡಿಗಳಿಗೆ ಹುರಿಯಲ್ಲಿ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ಸಾಲಾಗಿ ತೂಗುಹಾಕಿ, ಐದಾರು ದಿನ ಹದವಾಗಿ ಬೆಂಕಿ ಕೊಟ್ಟರೆ ಎಲೆ ಹೊಂಬಣ್ಣಕ್ಕೆ ತಿರುಗುತ್ತದೆ. ಆ ದಿನಗಳಲ್ಲಿ ಊರಿಗೆ ಊರೇ ಸಿಹಿ ಸಿಹಿಯಾಗಿ ನಾರುತ್ತದೆ. ಬೆಲ್ಲ ಕಾಯಿಸುವ ಒಲೆಯ ಪಕ್ಕ ಒಣಹುಲ್ಲು ಹರವಿದ ಹಾಗೆ. ಆದರೆ ಹಸಿ ಎಲೆ ಕಟ್ಟಿದವರ ಕೈ ನೋಡಬೇಕು. ಎಲೆಯ ಅಂಟು ಮೆತ್ತಿ ಮೆತ್ತಿ ಅಂಗೈಯೆಲ್ಲ ಟಾರು ಬಳಿದ ಹಾಗೆ ಕರ್ರಗಾಗುತ್ತದೆ. ಸೋಪಿಗೆ ಅದು ಜಗ್ಗುವುದಿಲ್ಲ. ಹುಣಸೆಹಣ್ಣು ಹಾಕಿ ಬಿಸಿನೀರಲ್ಲಿ ತಿಕ್ಕಿದರೆ ಅಷ್ಟೋ ಇಷ್ಟೋ ಬಿಡುತ್ತದೆ. ಉಳಿದದ್ದು ಚರ್ಮ ಸವೆದಾಗಲೇ ಹೋಗಬೇಕು. ನಾನು ಚಿಕ್ಕವಳಿದ್ದಾಗ ರಜೆಯೆಲ್ಲ ಎಲೆ ಕಟ್ಟಿ, ಶಾಲೆ ಶುರುವಾದ ದಿನ ಕೈಯನ್ನು ಲಂಗದ ಮಡಿಕೆಯೊಳಗೆ ಬಚ್ಚಿಟ್ಟುಕೊಂಡು ಕೂತವಳು. ಆ ಕಪ್ಪು ಯಾವುದರದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೋದ ಗುರುವಾರ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಆದಿವಾಸಿ ಹಾಡಿಯಿಂದ ಎಲೆ ಕಟ್ಟಲು ಒಂದು ಟೆಂಪೋ ಆಳುಗಳು ಬಂದಿದ್ದರು. ಹಿತ್ತಲ ಬಾಗಿಲಲ್ಲಿ ಡಬರಿ ಇಟ್ಟು, ಯಾರಾದರೂ ಬಂದು ಉಪ್ಪಿಟ್ಟು ತೆಗೆದುಕೊಂಡು ಹೋಗಿ ಎಂದು ಕೂಗಿದೆ. ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ತೆಳ್ಳನೆಯ ಹುಡುಗ ಬಂದ. ಬಗ್ಗಿ ಡಬರಿ ಎತ್ತಿಕೊಳ್ಳುವ ಬದಲು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕಂಠದ ಕೆಳಗಿನ ಚುಕ್ಕೆಗಳನ್ನು ಓದಿದ. ಮೊದಲು ನನ್ನ ಹೆಸರು, ಆಮೇಲೆ ತವರೂರಿನ ಹೆಸರು. ಓದಿ ತಲೆಯೆತ್ತಿ, "ಅದೇ ಡಬರಿ ಅಲ್ವಾ ಅಕ್ಕ" ಅಂದ.

ನನಗೆ ಗುರುತು ಹತ್ತಲಿಲ್ಲ. ಯಾರಪ್ಪ ನೀನು ಎಂದು ಕೇಳಿದೆ.

"ನಾನು ಕಣಕ್ಕ. ಆ ಇಸ್ಕೂಲಲ್ಲಿ ನಿಮ್ ಕೈಗೆ ನೀರಾಕಿದ್ನಲ್ಲ."

ಏಳೆಂಟು ವರ್ಷದಿಂದ ಯಾವ ಹುಡುಗ ಎದುರಿಗೆ ಬರದಿರಲಿ ಎಂದುಕೊಂಡಿದ್ದೆನೋ ಅವನು ನಮ್ಮ ಹಿತ್ತಲಲ್ಲಿ ಕೂತು ನನ್ನ ಹೆಸರು ಓದುತ್ತಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಮಕ್ಕಳ ಹೆಸರು ಹೊರಗೆ ಹಾಕಬಾರದು ಎಂದು ಕಾನೂನೇ ಇದೆ. ಆ ಕಾನೂನು ಇಲ್ಲದಿದ್ದರೂ ಬರೆಯಬೇಕಾದಲ್ಲಿ ಬರೆಯದವಳಿಗೆ ಇಲ್ಲಿ ಬರೆಯುವ ಯೋಗ್ಯತೆಯಿಲ್ಲ.

ಇದೆಲ್ಲ ಏನು ಎಂದು ನೀವು ಕೇಳುವ ಮೊದಲು ನಾನು ಮೆಂಬರಾದ ಕಥೆ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ನಮ್ಮ ಕ್ಷೇತ್ರ ಮಹಿಳೆಗೆ ಮೀಸಲಾಯಿತು, ನಾನು ತಾಲ್ಲೂಕು ಪಂಚಾಯಿತಿ ಸದಸ್ಯೆಯಾದೆ. ನಮ್ಮ ಅವಧಿ ಮುಗಿದ ಮೇಲೆ ಮತ್ತೆ ಚುನಾವಣೆಯೇ ನಡೆದಿಲ್ಲವಾದ್ದರಿಂದ ಕಟ್ಟೆಮಳಲವಾಡಿ ಸುತ್ತಿನ ಜನ ಈಗಲೂ ನನ್ನನ್ನು ಮೆಂಬರಮ್ಮ ಅನ್ನುತ್ತಾರೆ. ಹಾಗೆ ಗೆದ್ದು ಬಂದ ಹೆಂಗಸರ ಗಂಡಂದಿರು ಸಭೆಗೆ ಬಂದು ಹೆಂಡತಿಯ ಕುರ್ಚಿಯಲ್ಲಿ ಕೂರುವುದನ್ನು ನೀವೂ ಕಂಡಿರುತ್ತೀರಿ. ನಾನು ಬಿ.ಎ. ಓದಿದವಳು. ನಮ್ಮ ಯಜಮಾನರಿಗೆ ಮೊದಲ ದಿನವೇ ಹೇಳಿಬಿಟ್ಟೆ, ನೀವು ಬೈಕಿನಲ್ಲಿ ಬಿಟ್ಟು ಹೊರಗೆ ಟೀ ಕುಡಿಯುತ್ತಿರಿ, ಒಳಗಿನದು ನನ್ನದು ಎಂದು. ಅವರು ಐದು ವರ್ಷವೂ ಹಾಗೇ ನಡೆದುಕೊಂಡರು. ಈಗ ಯೋಚಿಸಿದರೆ ಅದೇ ನನಗೆ ತೊಡಕಾಗಿರುವುದು. ಮಾಡಿದ್ದನ್ನು ಯಾರ ತಲೆಗೂ ಕಟ್ಟುವಂತಿಲ್ಲ.

ಇನ್ನೊಂದು ಜಂಬವೂ ಇತ್ತು, ನನ್ನ ಕೈಬರಹ. ಶಾಲೆಯಲ್ಲಿ ಅದಕ್ಕೆ ಬಹುಮಾನ ಬಂದಿತ್ತು. ಪಂಚಾಯಿತಿಯ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಏನೇ ಬರೆಯುವುದಿದ್ದರೂ ಮೇಡಮ್ಮೇ ಬರೀಲಿ, ಮುತ್ತು ಪೋಣಿಸಿದ ಹಾಗೆ ಬರೀತಾರೆ ಅನ್ನುತ್ತಿದ್ದರು. ನಾನೂ ಪೆನ್ನಿನ ಮುಚ್ಚಳ ತೆಗೆದು ಕಾದಿರುತ್ತಿದ್ದೆ.

ಆ ಸಮಿತಿಯ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು ಈ ಶಾಲೆಯ ಭೇಟಿ. ಬಿಳಿಕೆರೆಯಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ಪಂಚಾಯಿತಿಗೆ ಸೇರಿದ ಒಂದು ಹಳೆಯ ಕಟ್ಟಡವಿತ್ತು. ಹಿಂದೆ ರೇಷ್ಮೆ ಹುಳು ಸಾಕಲು ಕಟ್ಟಿಸಿದ್ದು. ಅದರಲ್ಲಿ ಒಂದು ಟ್ರಸ್ಟಿನವರು ಶಾಲೆ ನಡೆಸುತ್ತಿದ್ದರು. ಮಾಮೂಲಿ ಶಾಲೆಯಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಪೊಲೀಸ್ ಕೇಸಿಗೆ ಸಿಕ್ಕಿಕೊಂಡ ಹುಡುಗರಲ್ಲಿ, ಮನೆಗೆ ಕಳಿಸಿದರೆ ಮತ್ತೆ ಕೆಡುತ್ತಾರೆ, ಕೂಡಿಹಾಕುವಂಥ ತಪ್ಪೂ ಮಾಡಿಲ್ಲ ಎಂದು ಬಾಲನ್ಯಾಯ ಮಂಡಳಿಗೆ ತೋರಿದ ಕೆಲವರನ್ನು ಅಲ್ಲಿ ಇಟ್ಟು ಓದಿಸುವ ಏರ್ಪಾಡು. ಅಲ್ಲೇ ಊಟ, ಅಲ್ಲೇ ಪಾಠ, ಅದರ ಜೊತೆಗೆ ಏನಾದರೊಂದು ಕೈಕೆಲಸ. ಒಳ್ಳೆಯ ಯೋಚನೆಯೇ. ಕಟ್ಟಡ ನಮ್ಮದಾದ್ದರಿಂದ ಮೂರು ತಿಂಗಳಿಗೊಮ್ಮೆ ನಮ್ಮ ಸಮಿತಿಯವರು ಹೋಗಿ, ಪಾಠ ನಡೆಯುತ್ತಿದೆಯೇ, ಮಕ್ಕಳು ಹೇಗಿದ್ದಾರೆ ಎಂದು ನೋಡಿ, ಸಂದರ್ಶಕರ ಪುಸ್ತಕದಲ್ಲಿ ಷರಾ ಬರೆಯಬೇಕು. ಅದರ ನಕಲು ಮೇಲಕ್ಕೆ ಹೋಗುತ್ತದೆ. ಬೇರೆ ಯಾವ ಅಧಿಕಾರಿಯೂ ಅಷ್ಟು ದೂರ ಬರುತ್ತಿರಲಿಲ್ಲ. ಅಂದರೆ, ಆ ಹುಡುಗರ ಬಗ್ಗೆ ಹೊರಗಿನವರಿಗೆ ಗೊತ್ತಾಗಬೇಕಾದರೆ ನಾವು ಬರೆದ ಷರಾ ಒಂದೇ ದಾರಿ.

ಭೇಟಿ ಅಂದರೆ ಹೇಗಿರುತ್ತದೆ ಎಂದು ಹೇಳಿದರೆ ನಗುತ್ತೀರಿ. ಎರಡು ದಿನ ಮೊದಲೇ ನಮ್ಮ ಕಚೇರಿಯಿಂದ ಶಾಲೆಗೆ ಫೋನು ಹೋಗುತ್ತದೆ. ಎಷ್ಟು ಜನ ಬರುತ್ತಾರೆ, ಮುದ್ದೆ ಮಾಡಿಸುವುದೋ ಅನ್ನವೋ, ಯಾರಾದರೂ ಸೋಮವಾರ ಕೋಳಿ ತಿನ್ನದವರು ಇದ್ದಾರೋ, ಇದಿಷ್ಟು ವಿಚಾರಣೆ. ಅದಾದರೆ ಭೇಟಿಯ ಮುಕ್ಕಾಲು ಪಾಲು ಮುಗಿದ ಹಾಗೆ. ಹೋದವರಿಗೆ ಹಾರ, ಶಾಲೆಯೊಳಗೆ ಒಂದು ಸುತ್ತು, ಊಟ, ಎಲೆಯಡಿಕೆ, ಕೊನೆಗೆ ಪುಸ್ತಕ. ಪುಸ್ತಕದಲ್ಲಿ ಹೊಸದಾಗಿ ಯೋಚಿಸುವ ಶ್ರಮವೂ ಇರಲಿಲ್ಲ. ಹಿಂದಿನವರು ಬರೆದದ್ದು ಮೇಲೆಯೇ ಇರುತ್ತಿತ್ತು. 'ಈ ದಿನ ಶಾಲೆಗೆ ಭೇಟಿ ನೀಡಲಾಯಿತು. ತರಗತಿಗಳು ನಿಯಮಿತವಾಗಿ ನಡೆಯುತ್ತಿವೆ. ಮಕ್ಕಳು ಶಿಸ್ತಿನಿಂದ ಇದ್ದಾರೆ. ಒಟ್ಟಾರೆ ವ್ಯವಸ್ಥೆ ತೃಪ್ತಿಕರವಾಗಿದೆ.' ಈ ನಾಲ್ಕು ಸಾಲನ್ನು ನಾನು ಮೊದಲ ಸಲ ನಕಲು ಮಾಡಿದಾಗ, ಹಿಂದಿನವರ ಅಕ್ಷರ ಕಾಗೆ ಕಾಲಿನ ಹಾಗಿದ್ದದ್ದರಿಂದ, ಆ ಪುಸ್ತಕದ ಅಂದ ಹೆಚ್ಚಿಸಿದೆ ಎಂದೇ ಹೆಮ್ಮೆಪಟ್ಟಿದ್ದೆ.

ಎರಡನೆಯ ವರ್ಷ ಸೊಪ್ಪಿನ ಕಾಲಕ್ಕೆ ಆಳಿಗೆ ಬಹಳ ತಾಪತ್ರಯವಾಯಿತು. ಹಾಡಿಯ ಕಡೆಯವರೆಲ್ಲ ಶುಂಠಿ ಕೆಲಸಕ್ಕೆ ಕೇರಳಕ್ಕೂ ಕಾಫಿ ತೋಟಕ್ಕೆ ಕೊಡಗಿಗೂ ಹೋಗಿಬಿಟ್ಟಿದ್ದರು. ಹಸಿ ಎಲೆ ಮುರಿದರೆ ಅವತ್ತೇ ಕಟ್ಟಬೇಕು, ರಾಶಿ ಹಾಕಿ ಬಿಟ್ಟರೆ ಬೆಂದುಹೋಗುತ್ತದೆ. ನಮ್ಮದು ಒಟ್ಟು ಕುಟುಂಬ, ಬ್ಯಾರನ್ ನೋಡಿಕೊಳ್ಳುವವರು ನಮ್ಮ ಭಾವ, ಅಂದರೆ ಯಜಮಾನರ ಅಣ್ಣ. ಅವರು ಎರಡು ದಿನ ತಲೆ ಮೇಲೆ ಕೈ ಹೊತ್ತು ಕೂತಿದ್ದವರು ಮೂರನೆಯ ದಿನ ಬೆಳಿಗ್ಗೆ ನಗುತ್ತಾ ಬಂದು, "ಆಳು ಸಿಕ್ಕವ್ರೆ ಬುಡವ್ವ, ಹನ್ನೆರ್ಡು ಜನ. ತಿಂಡಿ ಕಳ್ಸು" ಅಂದರು. ನಾನು ಡಬರಿ ತುಂಬ ಉಪ್ಪಿಟ್ಟು ಮಾಡಿ ಕಳಿಸಿದೆ. ಮಾರನೆಯ ದಿನವೂ ಕಳಿಸಿದೆ, ಅದರ ಮಾರನೆಯ ದಿನವೂ. ಎಲ್ಲಿಯ ಆಳು ಎಂದು ಕೇಳಲಿಲ್ಲ. ಬ್ಯಾರನ್ನಿನ ಕಡೆ ತಲೆ ಹಾಕಲೂ ಇಲ್ಲ. ಡಬರಿ ಖಾಲಿಯಾಗಿ ವಾಪಸು ಬಂದಾಗ, ಒಳ್ಳೇ ಹಸಿದ ಆಳುಗಳು ಎಂದು ವಾರಗಿತ್ತಿಯ ಜೊತೆ ನಕ್ಕದ್ದು ನೆನಪಿದೆ.

ಅದೇ ವಾರದ ಕೊನೆಗೆ ನನ್ನ ಭೇಟಿ ಬಿತ್ತು. ಸಮಿತಿಯ ಉಳಿದಿಬ್ಬರು ಏನೋ ಮದುವೆಗೆ ಹೋದದ್ದರಿಂದ ನಾನೊಬ್ಬಳೇ. ಯಜಮಾನರು ಬಾಗಿಲಲ್ಲಿ ಇಳಿಸಿ, ಬೈಕಿನ ಚಕ್ರಕ್ಕೆ ಗಾಳಿ ಹಾಕಿಸುತ್ತೇನೆಂದು ಬಿಳಿಕೆರೆಗೆ ಹೋದರು. ಶಾಲೆ ನೋಡಿಕೊಳ್ಳುವ ಮ್ಯಾನೇಜರು ಇಸ್ತ್ರಿ ಅಂಗಿಯಲ್ಲಿ ಓಡಿಬಂದರು. ಒಳಗೆ ಹುಡುಗರು ಸಾಲಾಗಿ, ಎರಡೂ ಕೈ ಕಟ್ಟಿ, ಅಂಗೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದರು. ನೋಡಿ ಮೇಡಂ ಶಿಸ್ತು ಎಂದರು ಮ್ಯಾನೇಜರು. ನನಗೂ ಹಾಗೇ ಕಂಡಿತು. ಆಮೇಲೆ ಒಬ್ಬ ಹುಡುಗನನ್ನು ಮುಂದಕ್ಕೆ ಕರೆದು ನನಗೆ ಹಾರ ಹಾಕಲು ಹೇಳಿದರು. ಚೆಂಡುಹೂವಿನ ಹಾರ. ಆ ಹುಡುಗ ಕಟ್ಟಿದ ಕೈ ಬಿಚ್ಚಿ ಹಾರ ತೆಗೆದುಕೊಂಡು ನನ್ನ ಕೊರಳಿಗೆ ಹಾಕಿ ಕೈ ಹಿಂದಕ್ಕೆ ಎಳೆದುಕೊಂಡ. ಹಾರದ ಎಸಳುಗಳು ಅವನ ಬೆರಳಿಗೇ ಅಂಟಿಕೊಂಡು ಹೋದವು. ಕಪ್ಪು ಬೆರಳುಗಳ ಮೇಲೆ ಹಳದಿ ಎಸಳು.

ನೋಡಿದ ತಕ್ಷಣ ಗೊತ್ತಾಯಿತು. ಅನುಮಾನ ಬಂತು ಎಂದು ಬರೆದರೆ ಸುಳ್ಳಾಗುತ್ತದೆ, ಗೊತ್ತಾಯಿತು. ಉಳಿದ ಹುಡುಗರು ಕೈ ಯಾಕೆ ಕಟ್ಟಿದ್ದಾರೆ ಎನ್ನುವುದೂ ಗೊತ್ತಾಯಿತು. ಎದುರಿಗೆ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಸ್ವಾಗತ ಎಂದು ಬರೆದು ಸುತ್ತ ಬಳ್ಳಿ ಬಿಡಿಸಿದ್ದರು. ಮೂಲೆಯಲ್ಲಿ ಆ ವರ್ಷದ ಪಠ್ಯಪುಸ್ತಕಗಳ ಕಟ್ಟು ಇತ್ತು. ಅದಕ್ಕೆ ಕಟ್ಟಿದ್ದ ಹುರಿಯನ್ನು ಇನ್ನೂ ಬಿಚ್ಚಿರಲಿಲ್ಲ. ಮಳೆಗಾಲ ಅರ್ಧ ಕಳೆದಿತ್ತು. ನಾನು ಮ್ಯಾನೇಜರ ಮುಖ ನೋಡಿದೆ. ಅವರು ನಾಚಿಕೊಳ್ಳಲಿಲ್ಲ. ವೃತ್ತಿ ಶಿಕ್ಷಣ ಮೇಡಂ, ಮಕ್ಕಳಿಗೆ ದುಡಿಮೆಯ ಬೆಲೆ ಗೊತ್ತಾಗಬೇಕಲ್ಲ ಎಂದು ಹೇಳಿ, ದನಿ ತಗ್ಗಿಸಿ, ಆತ್ಮೀಯವಾಗಿ, ಇನ್ನೂ ಒಂದು ಮಾತು ಸೇರಿಸಿದರು.

"ಹೊರಗಿನೋರ ಜಮೀನಿಗಲ್ಲ ಮೇಡಂ. ನಿಮ್ಮ ಭಾವನೋರ ಬ್ಯಾರನ್ನಿಗೇ ಕಳ್ಸಿದ್ದು."

ಆಗ ನಾನು ಊಟಕ್ಕೆ ಕೂರದೆ ಎದ್ದು ಹೋಗಬಹುದಿತ್ತು. ಕೂತೆ. ಮುದ್ದೆ, ನಾಟಿಕೋಳಿ ಸಾರು. ಸಾರು ಚೆನ್ನಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತು ಎಂದೇನಾದರೂ ಬರೆದರೆ ನಂಬಬೇಡಿ, ಸಲೀಸಾಗಿ ಇಳಿಯಿತು. ನುಂಗುವಾಗೆಲ್ಲ ಒಂದೊಂದು ಸಮಾಧಾನ ಹುಡುಕಿಕೊಳ್ಳುತ್ತಿದ್ದೆ. ನಾನೂ ಚಿಕ್ಕಂದಿನಲ್ಲಿ ಎಲೆ ಕಟ್ಟಿದವಳಲ್ಲವೇ. ಇವರೇನು ಸಾಧು ಮಕ್ಕಳೇ, ಕಳ್ಳತನದಲ್ಲಿ ಸಿಕ್ಕಿ ಬಂದವರು. ಹೊಟ್ಟೆ ತುಂಬ ಉಪ್ಪಿಟ್ಟಾದರೂ ಹಾಕಿದ್ದೇವಲ್ಲ. ಇಷ್ಟು ಹೊತ್ತಿಗೆ ಮುದ್ದೆ ಮುಗಿದಿತ್ತು.

ಕೈ ತೊಳೆಯಲು ಹಿಂದುಗಡೆಗೆ ಹೋದೆ. ಹಾರ ಹಾಕಿದ ಹುಡುಗನೇ ಚೊಂಬು ಹಿಡಿದು ನಿಂತಿದ್ದ. ಹದಿನಾಲ್ಕು ವರ್ಷವಿರಬಹುದು. ನೀರು ಹಾಕುತ್ತಾ, ನನ್ನ ಮುಖ ನೋಡದೆ, ನಿಮ್ಮನೆ ಉಪ್ಪಿಟ್ಟು ಚೆನ್ನಾಗಿತ್ತು ಅಕ್ಕ ಅಂದ. ನಮ್ಮ ಮನೆಯದು ಅಂತ ನಿನಗೆ ಹೇಗೆ ಗೊತ್ತು ಎಂದೆ.

"ಡಬರಿ ಮೇಲೆ ನಿಮ್ಮೆಸ್ರು ಇತ್ತು. ಓದ್ದೆ. ಇವತ್ತು ಬರೋರೂ ಅದೇ ಎಸ್ರೋರು ಅಂತ ಮ್ಯಾನೇಜರ್ ಸಾರು ಏಳಿದ್ರು."

ಅವನಿಗೆ ಓದಲು ಬರುತ್ತಿತ್ತು ಎನ್ನುವುದನ್ನು ಗಮನಿಸಿ. ನಾನು ಕೇಳದಿದ್ದರೂ ಅವನೇ ಎರಡು ಚೊಂಬು ನೀರಿನ ಹೊತ್ತಿನಲ್ಲಿ ತನ್ನ ವಿಷಯವನ್ನೆಲ್ಲ ಹೇಳಿಬಿಟ್ಟ. ಎಚ್.ಡಿ. ಕೋಟೆ ಕಡೆಯ ಹಾಡಿಯವನು, ಆಶ್ರಮ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವನು. ದೊಡ್ಡವರಿಬ್ಬರು ಯಾರದೋ ಪಂಪ್‌ಸೆಟ್ಟಿನ ವೈರು ಕತ್ತರಿಸುವಾಗ ಟಾರ್ಚು ಹಿಡಿಯಲು ಇವನನ್ನು ಕರೆದುಕೊಂಡು ಹೋಗಿದ್ದರು. ಅವರು ಓಡಿದರು, ಇವನು ಸಿಕ್ಕಿದ. ಮಂಡಳಿಯವರು ಇಲ್ಲಿ ಎಂಟನೇ ಕ್ಲಾಸು ಓದಿಸುತ್ತಾರೆ ಎಂದು ಹೇಳಿದಾಗ ಇವನ ಅವ್ವ ಒಳ್ಳೇದಾಯ್ತು ಅಂದಿದ್ದಳಂತೆ. ಹತ್ತನೇ ಕ್ಲಾಸು ಪಾಸಾದರೆ ಫಾರೆಸ್ಟಿನಲ್ಲಿ ವಾಚರ್ ಕೆಲಸಕ್ಕೆ ಅರ್ಜಿ ಹಾಕಬಹುದು ಎಂದು ಹಾಡಿಯಲ್ಲಿ ಹೇಳುತ್ತಾರಂತೆ. ಆದರೆ ಬಂದು ಎರಡು ತಿಂಗಳಾದರೂ ಮೇಷ್ಟ್ರು ಒಂದು ದಿನವೂ ಬಂದಿಲ್ಲ. ಹೀಗೇ ಆದರೆ ಈ ವರ್ಷ ಹೋಗುತ್ತದೆ.

ಚೊಂಬಿನಲ್ಲಿ ನೀರು ಮುಗಿಯಿತು. ಆಗ ಅವನು ನನ್ನ ಮುಖ ನೋಡಿದ.

"ಬುಕ್ಕಲ್ಲಿ ಬರೀರಿ ಅಕ್ಕ, ಇಲ್ಲಿ ಪಾಟ ಮಾಡಲ್ಲ ಅಂತ. ನೀವು ಬರುದ್ರೆ ಮಾಡ್ತಾರೆ."

ಆಯ್ತು ಕಣಪ್ಪ ಎಂದೆ. ಹಾಗೆ ಅಂದದ್ದು ನಾನೇ, ನನ್ನ ಬಾಯಲ್ಲೇ ಅಂದದ್ದು. ಅವನಿಗೆ ಅಷ್ಟು ಸಾಕಾಯಿತು. ಖಾಲಿ ಚೊಂಬು ಹಿಡಿದುಕೊಂಡು, ಬಂದದ್ದಕ್ಕಿಂತ ಜೋರಾಗಿ ನಡೆದು ಹೋದ.

ಒಳಗೆ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟಿದ್ದರು. ಪಕ್ಕದಲ್ಲಿ ಎಲೆಯಡಿಕೆ ತಟ್ಟೆ. ಕಿಟಕಿಯ ಆಚೆ ಆ ಹುಡುಗ ನಿಂತಿದ್ದಾನೆ ಎಂದು ನನಗೆ ಗೊತ್ತಿತ್ತು, ಆ ಕಡೆ ನೋಡಲಿಲ್ಲ. ಈ ದಿನ ಶಾಲೆಗೆ ಭೇಟಿ ನೀಡಲಾಯಿತು ಎಂದು ಬರೆದೆ. ಅಲ್ಲಿ ಪೆನ್ನು ನಿಂತಿತು. ಪಾಠ ನಡೆಯುತ್ತಿಲ್ಲ ಎಂದು ಬರೆದರೆ ಯಾಕೆ ಎಂದು ಮೇಲಿನವರು ಕೇಳುತ್ತಾರೆ. ಹುಡುಗರು ಎಲ್ಲಿದ್ದರು ಎಂಬ ಪ್ರಶ್ನೆ ಬರುತ್ತದೆ. ಬ್ಯಾರನ್ನು ಯಾರದು ಎನ್ನುವುದು ಬರುತ್ತದೆ. ತಿಂಡಿ ಯಾರ ಮನೆಯಿಂದ ಬಂತು ಎನ್ನುವುದೂ ಬರುತ್ತದೆ. ಭಾವನಿಗೆ ಪೊಲೀಸರು, ನನಗೆ ಪತ್ರಿಕೆಯವರು. ಒಂದು ನಿಮಿಷದಲ್ಲಿ ಇಷ್ಟೆಲ್ಲ ಕಣ್ಣ ಮುಂದೆ ಬಂದು ಹೋಯಿತು. ಆಮೇಲೆ ತರಗತಿಗಳು ನಿಯಮಿತವಾಗಿ ನಡೆಯುತ್ತಿವೆ ಎಂದು ಬರೆದೆ. ಉಳಿದ ಎರಡು ಸಾಲು ತಾವಾಗಿ ಬಂದವು. ಅಷ್ಟಕ್ಕೇ ನಿಲ್ಲಿಸಿದ್ದರೂ ಒಂದು ರೀತಿ. ಕೈ ಸುಮ್ಮನಿರದೆ, 'ಮಕ್ಕಳಿಗೆ ನೀಡುತ್ತಿರುವ ವೃತ್ತಿ ತರಬೇತಿ ಶ್ಲಾಘನೀಯ' ಎಂದು ಐದನೆಯ ಸಾಲೊಂದನ್ನು ನಾನೇ ಸ್ವಂತವಾಗಿ ಸೇರಿಸಿದೆ. ಆ ಪುಸ್ತಕದಲ್ಲಿ ನಾನು ಸ್ವಂತವಾಗಿ ಬರೆದ ಸಾಲು ಅದೊಂದೇ. ಮ್ಯಾನೇಜರು ಓದಿ, ನಿಮ್ಮ ಅಕ್ಷರ ನೋಡೋದೇ ಚೆಂದ ಮೇಡಂ ಎಂದರು.

ಮನೆಗೆ ಬಂದ ಮೇಲೆ ನಾನು ಮಾಡಿದ ಒಂದು ಘನಕಾರ್ಯವನ್ನೂ ಹೇಳಬೇಕು. ಆ ಹುಡುಗರನ್ನು ಇನ್ನು ಮೇಲೆ ಕರೆಸಬೇಡಿ ಎಂದು ಭಾವನಿಗೆ ಖಡಾಖಂಡಿತವಾಗಿ ಹೇಳಿದೆ. ಅವರು ನನ್ನ ಮಾತಿಗೆ ಎದುರಾಡದೆ ನಿಲ್ಲಿಸಿದರು. ನ್ಯಾಯ ಮಾಡಿದೆ ಅಂದುಕೊಂಡು ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ. ಮಾರನೆಯ ದಿನದಿಂದ ಹುಡುಗರು ಪಕ್ಕದ ಊರಿನ ಬ್ಯಾರನ್ನಿಗೆ ಹೋದರಂತೆ. ಅಲ್ಲಿ ಉಪ್ಪಿಟ್ಟು ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ.

ಮುಂದಿನ ಭೇಟಿಗೆ ಹೋದಾಗ ಆ ಹುಡುಗ ಇರಲಿಲ್ಲ. ಓಡಿಹೋದ ಮೇಡಂ, ಕಾಡಿನೋರು ಅಲ್ವಾ, ಒಂದು ಕಡೆ ನಿಲ್ಲಲ್ಲ ಎಂದರು ಮ್ಯಾನೇಜರು. ನಾನು ಹೌದೌದು ಎಂದು ತಲೆಯಾಡಿಸಿ ಹಾರಕ್ಕೆ ಕೊರಳೊಡ್ಡಿದೆ. ಅವಧಿ ಮುಗಿಯುವವರೆಗೂ ಮೂರು ತಿಂಗಳಿಗೊಮ್ಮೆ ಆ ಪುಸ್ತಕಕ್ಕೆ ಮುತ್ತು ಪೋಣಿಸುತ್ತಲೇ ಇದ್ದೆ. ಆಮೇಲೆ ಟ್ರಸ್ಟಿನವರು ಶಾಲೆ ಮುಚ್ಚಿಕೊಂಡು ಹೋದರು. ಕಟ್ಟಡದಲ್ಲಿ ಈಗ ಗೊಬ್ಬರದ ಚೀಲ ಇಟ್ಟಿದ್ದಾರೆ. ಆ ರಸ್ತೆಯಲ್ಲಿ ಹೋಗಬೇಕಾಗಿ ಬಂದರೆ ನಾನು ಬೈಕಿನ ಮೇಲೆ ಇನ್ನೊಂದು ಕಡೆಗೆ ಮುಖ ಮಾಡಿ ಕೂರುತ್ತೇನೆ. ಯಜಮಾನರು ಯಾಕೆಂದು ಕೇಳಿದರೆ ಧೂಳು ಅನ್ನುತ್ತೇನೆ.

ಇಷ್ಟು ಹೇಳಿದ ಮೇಲೆ, ಹೋದ ಗುರುವಾರ ಹಿತ್ತಲ ಬಾಗಿಲಲ್ಲಿ ಅವನು ಡಬರಿ ಓದಿ ತಲೆಯೆತ್ತಿದಾಗ ನನ್ನ ಗತಿ ಏನಾಗಿರಬೇಕು ಯೋಚಿಸಿ. ಬೈಯಲು ಬಂದಿದ್ದಾನೆ ಎಂದೇ ಅಂದುಕೊಂಡೆ. ಬೈದರೆ ಒಳ್ಳೆಯದು, ಬೈಸಿಕೊಂಡು ಹಗುರಾಗಬಹುದು ಎಂದೂ ಅನ್ನಿಸಿತು. ಒಳಗೆ ಬಾ ಎಂದೆ. ಕೈ ಕಪ್ಪಾಗಿದೆ ಎಂದು ಹೊಸ್ತಿಲಾಚೆಯೇ ನಿಂತ. ಮೇಸ್ತ್ರಿಯ ಹತ್ತಿರ ಕೇಳಿಕೊಂಡು ಬೇಕೆಂದೇ ನಮ್ಮ ಮನೆಯ ಕೆಲಸಕ್ಕೆ ಬಂದಿದ್ದನಂತೆ. ಅವನು ಆಗ ಓಡಿಹೋಗಿರಲಿಲ್ಲ. ನನ್ನ ಹತ್ತಿರ ಮಾತಾಡಿದ್ದು ಯಾರೋ ನೋಡಿ ಮ್ಯಾನೇಜರಿಗೆ ಹೇಳಿದ್ದರಿಂದ ಅವನನ್ನು ದೂರದ ಇನ್ನೊಂದು ಶಾಲೆಗೆ ಸಾಗಹಾಕಿದ್ದರು. ಅಲ್ಲಿಂದ ಬಿಡಿಸಿಕೊಂಡು ಬಂದ ಮೇಲೆ ಕೊಡಗಿನ ತೋಟ, ಶುಂಠಿ ಹೊಲ, ಹೀಗೇ. ಈಗ ಖಾಸಗಿಯಾಗಿ ಹತ್ತನೇ ಕ್ಲಾಸು ಪರೀಕ್ಷೆ ಕಟ್ಟಬೇಕು ಎಂದಿದ್ದಾನೆ. ವಾಚರ್ ಕೆಲಸದ ಆಸೆ ಇನ್ನೂ ಹೋಗಿಲ್ಲ. ಏಳನೇ ಕ್ಲಾಸಿನ ನಂತರ ಓದಿದ್ದಕ್ಕೆ ಏನಾದರೂ ಕಾಗದ ತಾ ಎಂದು ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕೇಳಿದ್ದಾರೆ. ಬಿಳಿಕೆರೆ ಶಾಲೆಯ ದಾಖಲೆ ಎಲ್ಲೂ ಇಲ್ಲ. ಆ ಕಾಲದಲ್ಲಿ ಭೇಟಿಗೆ ಹೋಗುತ್ತಿದ್ದ ಮೆಂಬರಿಂದ ಒಂದು ಪತ್ರ ತಂದರೆ ನೋಡೋಣ ಎಂದು ಅಲ್ಲಿಯ ಗುಮಾಸ್ತರೊಬ್ಬರು ದಾರಿ ತೋರಿಸಿದ್ದಾರೆ. ಅರ್ಜಿಗೆ ಇನ್ನು ನಾಲ್ಕೇ ದಿನ.

ಏನು ಬರೆಯಲಿ ಎಂದು ಕೇಳಿದೆ.

"ಆಗ ಬರ್ದಿದ್ರಲ್ಲ ಅಕ್ಕ, ಅದ್ನೇ. ಕ್ಲಾಸು ಸರ್ಯಾಗಿ ನಡೀತಿದ್ವು, ನಾನು ಎಂಟ್ನೇ ಕ್ಲಾಸಲ್ಲಿ ಓದ್ತಿದ್ದೆ ಅಂತ."

ನಾನು ಬರೆದದ್ದು ಅವನಿಗೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯವಾಗಲಿಲ್ಲ. ಅವನೇ ಹೇಳಿದ. ನಾನು ಹೋದ ಮೇಲೆ ಕಿಟಕಿಯಿಂದ ಕೈ ಹಾಕಿ ಪುಸ್ತಕ ತಿರುಗಿಸಿಕೊಂಡು ಓದಿದನಂತೆ. ನನ್ನ ಅಕ್ಷರ ಗುಂಡಗಿದ್ದದ್ದರಿಂದ ಓದಲು ಸುಲಭವಾಯಿತಂತೆ. ಇದನ್ನು ಅವನು ಚುಚ್ಚಿ ಹೇಳಲಿಲ್ಲ, ಮಾತಿಗೆ ಮಾತು ಬಂತೆಂದು ಹೇಳಿದ. ಅಷ್ಟು ನಾಚಿಕೆ ನನಗೆ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ಆಗ ನನಗೆ ಒಳ್ಳೆಯವಳಾಗುವ ಹುರುಪು ಬಂತು. ಸುಳ್ಳು ಬೇಡ ಕಣಪ್ಪ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಪಾಠ ನಡೆಯಲಿಲ್ಲ, ನಮ್ಮದೇ ಬ್ಯಾರನ್ನಿನಲ್ಲಿ ದುಡಿಸಿದೆವು, ಗೊತ್ತಿದ್ದೂ ನಾನು ಮುಚ್ಚಿಟ್ಟೆ ಎಂದು ಸಹಿ ಹಾಕಿ, ನಾನೇ ನಿನ್ನ ಜೊತೆ ಕಚೇರಿಗೆ ಬಂದು ಹೇಳುತ್ತೇನೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿಯೇ ನನಗೆ ಭಾಷಣದ ಹಾಗೆ ಕೇಳಿಸಿತು. ಅವನು ಪೂರಾ ಕೇಳಿಸಿಕೊಂಡ.

"ಅಂಗೆ ಬರುದ್ರೆ ವಿಚಾರ್ಣೆ ಅಂತ ಸುರು ಮಾಡ್ತಾರೆ, ಅರ್ಜಿ ದಿನ ಓಯ್ತದೆ. ನಿಜ ಆವತ್ತು ಬೇಕಿತ್ತು ಕಣಕ್ಕ, ಬರೀರಿ ಅಂದ್ನಲ್ಲ ಆವತ್ತು. ಈಗ ನಂಗೆ ಇದು ಸಾಕು."

ಒಳಗೆ ಹೋಗಿ ಬಿಳಿ ಹಾಳೆ ತಂದೆ. ಪೆನ್ನು ಹಿಡಿದ ಮೇಲೆ ಇನ್ನೊಂದು ಗೊತ್ತಾಯಿತು, ಅವನ ಹೆಸರೇ ನನಗೆ ತಿಳಿಯದು. ಆವತ್ತು ಅವನು ಎಲ್ಲ ಹೇಳಿದ್ದ, ನಾನು ಹೆಸರೊಂದನ್ನು ಕೇಳಿರಲಿಲ್ಲ. ಅಷ್ಟು ವರ್ಷದ ಷರಾಗಳಲ್ಲಿ ಮಕ್ಕಳು ಎನ್ನುವ ಮಾತಿತ್ತೇ ಹೊರತು ಯಾವ ಮಗುವಿನ ಹೆಸರೂ ಇರಲಿಲ್ಲ. ಹೆಸರು ಹೇಳಪ್ಪ ಎಂದೆ. ಹೇಳಿದ. ತಂದೆಯ ಹೆಸರು ಹೇಳಿದ, ಹಾಡಿಯ ಹೆಸರು ಹೇಳಿದ. ಒಂದೊಂದನ್ನೂ ಗುಂಡಗೆ ಬರೆದುಕೊಂಡೆ. ಆಮೇಲೆ, ಸದರಿ ಅವಧಿಯಲ್ಲಿ ಶಾಲೆಯ ತರಗತಿಗಳು ನಿಯಮಿತವಾಗಿ ನಡೆಯುತ್ತಿದ್ದವು ಎಂದು ಬರೆದೆ. ಒಮ್ಮೆ ನನ್ನನ್ನು ಉಳಿಸಿಕೊಳ್ಳಲು ಬರೆದ ಮಾತನ್ನು ಅವನು ಉಳಿಯಲೆಂದು ಎರಡನೆಯ ಸಲ ಬರೆದೆ. ವೃತ್ತಿ ತರಬೇತಿಯ ಸಾಲನ್ನು ಮಾತ್ರ ಬಿಟ್ಟೆ.

ಹಾಳೆಯನ್ನು ನನ್ನ ಕೈಯಲ್ಲೇ ಹಿಡಿದುಕೊಂಡಿರಲು ಹೇಳಿ, ಅಂಟಾದೀತು ಎಂದು ಮುಟ್ಟದೆ, ಅವನು ಬಗ್ಗಿ ಓದಿದ. ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ. ತರಗತಿಗಳು. ನಿಯಮಿತವಾಗಿ. ನಡೆಯುತ್ತಿದ್ದವು. ನಾನು ಹಾಳೆ ಹಿಡಿದುಕೊಂಡು ಅಷ್ಟನ್ನೂ ಕೇಳಬೇಕಾಯಿತು. ಓದಿ ಮುಗಿಸಿ, ಸೀಲು ಇದೆಯಾ ಎಂದು ಕೇಳಿದ. ಇತ್ತು. ಅವಧಿ ಮುಗಿದಾಗ ವಾಪಸು ಕೊಡಬೇಕಾಗಿದ್ದ ಸೀಲನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟುಕೊಂಡಿದ್ದೆ. ಒತ್ತಿದೆ. ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವನ ಅಂಗಿಯ ಜೇಬಿಗೆ ನಾನೇ ಇಟ್ಟೆ.

ಹುಣಸೆಹಣ್ಣು ಬಿಸಿನೀರು ಕೊಡುತ್ತೇನೆ, ಕೈ ತೊಳೆದುಕೋ, ನಾನು ನೀರು ಹಾಕುತ್ತೇನೆ ಎಂದೆ. ಇನ್ನೂ ಅರ್ಧ ರಾಶಿ ಎಲೆ ಇದೆ, ಈಗ ತೊಳೆದು ಏನು ಪ್ರಯೋಜನ ಅಂದ. ಆಮೇಲೆ ಡಬರಿಗೆ ಕೈ ಹಾಕಿ, ಉಪ್ಪಿಟ್ಟು ಆರೋಯ್ತದೆ, ಬತ್ತೀನಿ ಅಕ್ಕ ಎಂದು ಎತ್ತಿಕೊಂಡು ಹೊರಟ. ಅವನ ಕೈ ಬಿದ್ದ ಜಾಗದಲ್ಲಿ ನನ್ನ ಹೆಸರು ಮುಚ್ಚಿಹೋಗಿತ್ತು.

ಅವನು ಬ್ಯಾರನ್ನಿನ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಕೊಟ್ಟಿಗೆಯ ಕಡೆಯಿಂದ ಬಂದ ವಾರಗಿತ್ತಿ, ಯಾಕವ್ವ ಹಿಂಗೆ ನಿಂತಿದ್ದೀಯ ಎಂದು ಕೇಳಿದಳು. ಆಗ ನೋಡಿಕೊಂಡೆ. ಎರಡೂ ಕೈ ಕಟ್ಟಿ, ಅಂಗೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದೆ.